ತಬಲಾ ಮಾಸ್ತರರು ಇಟ್ಟುಕೊಂಡ ಕೆಂಪು ಕ್ಯಾಸೆಟ್ಟು

ಹಿರೇಕೆರೂರಿನ ಸಂತೆಯಲ್ಲಿ ಹಗ್ಗ, ಮಿಣಿ, ಗೊಬ್ಬರದ ಖಾಲಿ ಚೀಲ ಮಾರುವ ಹೆಣ್ಣುಮಗಳೊಬ್ಬಳು ಈಚೆಗೆ ಹಳೆಯ ಸಿ.ಡಿ.ಗಳನ್ನೂ ಮಾರುತ್ತಾಳೆ. ಹಾಡು ಕೇಳುವುದಕ್ಕಲ್ಲ. ನಡುವಿನ ತೂತಿಗೆ ದಾರ ಪೋಣಿಸಿ ಹೊಲದಲ್ಲಿ ತೂಗುಬಿಟ್ಟರೆ ಬಿಸಿಲಿಗೆ ಫಳಫಳ ಹೊಳೆಯುತ್ತವೆ, ತೆನೆಗೆ ಹಕ್ಕಿ ಬರುವುದಿಲ್ಲ. ಮಾಸೂರಿನ ಕಡೆಯ ಗದ್ದೆಗಳಲ್ಲಿ ಇಂಥ ತಟ್ಟೆಗಳು ಗಾಳಿಗೆ ತಿರುಗುವುದನ್ನು ಬಸ್ಸಿನ ಕಿಟಕಿಯಿಂದ ನೋಡಿದ್ದೆ. ಕೆಲವು ವಾರಗಳ ಹಿಂದೆ ಬಟ್ಟೆ ಒಣಹಾಕುವ ಹಗ್ಗ ಕೊಳ್ಳಲು ಅವಳ ಮುಂದೆ ನಿಂತಾಗ ಒಂದು ಕಟ್ಟಿನ ಮೇಲಿನ ತಟ್ಟೆ ಕಣ್ಣಿಗೆ ಬಿತ್ತು. ಕೆಂಪು ಬಣ್ಣ, ಅದರ ಮೇಲೆ ಗಾಡಿಯ ಮುರಿದ ಗಾಲಿ.

"ಇದೊಂದು ಬಿಡಿಸಿ ಕೊಡ್ತೀಯೇನವಾ?" ಎಂದೆ.

"ಕಟ್ಟು ಬಿಚ್ಚಂಗಿಲ್ರೀ ಯಜಮಾನ್ರ. ಹೊಲ ಎಲ್ಲೈತ್ರಿ ನಿಮ್ದು?"

"ಹೊಲ ಇಲ್ಲ. ಹಾಡು ಕೇಳಾಕ ಬೇಕಾಗೈತಿ."

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಹಾಡು ಬರ್ತಾವೋ ಇಲ್ಲೋ ನನಗ ಗೊತ್ತಿಲ್ರಿ. ಗಿಳಿ ಅಂತೂ ಬರಂಗಿಲ್ಲ."

ಇಡೀ ಕಟ್ಟನ್ನೇ ಕೊಂಡೆ. ಮನೆಗೆ ಬಂದು ಆ ಒಂದು ತಟ್ಟೆಯನ್ನು ಸಾಬೂನು ನೀರಿನಲ್ಲಿ ತೊಳೆದು, ಮೆತ್ತನೆಯ ಪಂಚೆಯ ತುಂಡಿನಿಂದ ನಡುವಿನಿಂದ ಅಂಚಿಗೆ ಒರೆಸಿ, ಕಪಾಟಿನಲ್ಲಿ ಇಟ್ಟೆ. ಆ ಹೊತ್ತಿಗೇ ಹಾಕಿ ಕೇಳಬಹುದಿತ್ತು. ಆದರೆ ಸಂಜೆ ನನಗೆ ತಿರುಗಾಟದ ವೇಳೆ, ಹಾಡಿಗೆ ಬೆಳಗಿನ ನಾಷ್ಟಾದ ನಂತರದ ವೇಳೆ. ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿ ನಿವೃತ್ತನಾದವನು ನಾನು. ವೇಳೆ ತಪ್ಪಿಸಿದರೆ ನನಗೆ ಉಂಡದ್ದು ಕರಗುವುದಿಲ್ಲ.

ಬೆಳಿಗ್ಗೆ ಹಳೆಯ ಡಿವಿಡಿ ಪ್ಲೇಯರಿಗೆ ಹಾಕಿದೆ. ಮೊದಲು ಸ್ವಲ್ಪ ಗರಗರ ಎಂದಿತು, ಒಂದೆರಡು ಕಡೆ ತೊದಲಿತು. ಆಮೇಲೆ ಗಿಟಾರು ಎದ್ದಿತು, ಅದರ ಬೆನ್ನಿಗೆ ಡ್ರಮ್ಮು. ನಾನು ಕುರ್ಚಿಯ ಕೈ ಹಿಡಿದುಕೊಂಡೆ. ಹರೆಯದಲ್ಲಿ ಇದೇ ಹಾಡುಗಳನ್ನು ಕೇಳಿದ ಕ್ಯಾಸೆಟ್ಟಿನಲ್ಲಿ ಎಲ್ಲವೂ ಗೋಡೆಯ ಆಚೆಯಿಂದ ಬಂದಂತೆ ಕೇಳುತ್ತಿತ್ತು. ಇಲ್ಲಿ ಹಾಡುವವನು ಸಾಲು ಶುರುಮಾಡುವ ಮುಂಚೆ ಎಳೆದ ಉಸಿರು ಕೇಳಿತು, ಗಿಟಾರಿನ ತಂತಿಯ ಮೇಲೆ ಬೆರಳು ಜಾರಿದ್ದು ಕೇಳಿತು. ನಾನು ಪೂರ್ತಿ ಮರೆತಿದ್ದ ಒಂದು ನಿಧಾನದ ಹಾಡು ಬಂತು... ಅದು ಬರುತ್ತದೆ ಎಂದು ನನಗಿಂತ ಮುಂಚೆ ನನ್ನ ಬೆರಳುಗಳಿಗೆ ಗೊತ್ತಾಗಿತ್ತು. ಮೊಣಕಾಲ ಮೇಲೆ ಅವು ಆಡುತ್ತಿದ್ದವು. ಬಹಳ ದಿನಗಳ ನಂತರ ನನಗೆ ಸುಖವಾಯಿತು. ಅದರ ಹಿಂದೆಯೇ ಸಿಟ್ಟು ಬಂತು. ಈ ಸುಖವನ್ನು ನನ್ನಿಂದ ಕಿತ್ತುಕೊಂಡವರು ಸವಣೂರಿನ ತಬಲಾ ಮಾಸ್ತರರು.

ಹರೆಯದಲ್ಲಿ ನಾನು ಅವರ ಶಿಷ್ಯನಾಗಿದ್ದೆ. ಸೂರ್ಯ ಹುಟ್ಟುವ ಮುಂಚೆ ಅವರ ಪಡಸಾಲೆಯಲ್ಲಿ ಕುಳಿತಿರಬೇಕು. ತಡವಾದರೆ ಆ ದಿನ ಹೊಸ್ತಿಲಾಚೆ ಕುಳಿತು ಉಳಿದವರು ಬಾರಿಸುವುದನ್ನು ಕೇಳಬೇಕು, ಕೈಯಾಡಿಸುವಂತಿಲ್ಲ. ತಬಲಾದ ಮೇಲೆ ಬಟ್ಟೆ ಹೊದಿಸಿದ್ದು ಸೊಟ್ಟಗಿದ್ದರೆ ಬಿಚ್ಚಿ ಮತ್ತೆ ಹೊದಿಸಬೇಕು. ಅವರು ಎಲೆ ಮಡಚುವುದರಲ್ಲೂ ಅದೇ ಶಿಸ್ತು. ಎಲೆಯ ತೊಟ್ಟು ಮುರಿದು, ಬೆನ್ನಿನ ನರ ಉಗುರಿನಿಂದ ಎಳೆದು, ಸುಣ್ಣ ಸವರಿ, ಅಡಕೊತ್ತಿನಲ್ಲಿ ಅಡಿಕೆ ಕಚಕ್ ಎಂದು ಸೀಳಿ ಬಾಯಿಗಿಟ್ಟ ಮೇಲೆಯೇ ಪಾಠ. ನನ್ನ ಇಂದಿನ ದಿನಚರಿ ಅವರ ಪಡಸಾಲೆಯಿಂದಲೇ ಬಂದದ್ದು. ಅದಕ್ಕೆ ಕೃತಜ್ಞತೆ ಹೇಳಬೇಕಾಗಿಲ್ಲ. ಅವರು ತೆಗೆದುಕೊಂಡದ್ದು ಅದಕ್ಕಿಂತ ಹೆಚ್ಚು.

ಅವರು ನನ್ನ ಮುಂಗೈಗೆ ಗಂಡಾ ಕಟ್ಟಿದ್ದರು. ಗುರು ಶಿಷ್ಯನನ್ನು ತನ್ನವನೆಂದು ಒಪ್ಪಿ ಕಟ್ಟುವ ದಾರಕ್ಕೆ ಗಂಡಾ ಎನ್ನುತ್ತಾರೆ. ಅದಿದ್ದವನಿಗೆ ಮಠದ ಭಜನೆಯಲ್ಲಿ, ಹಬ್ಬದ ಬೈಠಕ್ಕಿನಲ್ಲಿ ಹಾಡುವವರಿಗೆ ಸಾಥ್ ಕೊಡಲು ಕರೆ ಬರುತ್ತಿತ್ತು. ದೀಪಾವಳಿ ಆದಮೇಲೆ ರೇಡಿಯೋದ ಪರೀಕ್ಷೆಗೆ ಧಾರವಾಡಕ್ಕೆ ಕರೆದುಕೊಂಡು ಹೋಗುತ್ತೇನೆ ಎಂದು ಮಾಸ್ತರರು ನನ್ನ ಅಪ್ಪನ ಮುಂದೆ ಹೇಳಿದ್ದರು. ನನ್ನ ಅಪ್ಪ ಆ ಮಾತನ್ನು ಸಿಕ್ಕಸಿಕ್ಕವರಿಗೆ ಹೇಳಿಕೊಂಡು ತಿರುಗುತ್ತಿದ್ದ.

ಅದೇ ಮಳೆಗಾಲದಲ್ಲಿ ಕೆಂಪು ಕ್ಯಾಸೆಟ್ಟು ಬಂತು. ನನ್ನ ಸೋದರಮಾವ ಗೋವಾದಲ್ಲಿ ಹೋಟೆಲಿನಲ್ಲಿ ಅಡುಗೆ ಕೆಲಸಕ್ಕಿದ್ದ. ಕೋಣೆ ಬಿಟ್ಟುಹೋದ ಬಿಳಿಯನೊಬ್ಬ ಮರೆತುಹೋದ ಕ್ಯಾಸೆಟ್ಟನ್ನು, ತಾನು ಕೊಂಡ ಟೇಪ್‌ರೆಕಾರ್ಡರಿನ ಜೊತೆಗೆ ನಮ್ಮ ಮನೆಗೆ ತಂದುಕೊಟ್ಟ. ಹೆಸರಿದ್ದ ಕಾಗದದ ಭಾಗ ನೀರು ಬಿದ್ದು ಕರಗಿಹೋಗಿತ್ತು. ಉಳಿದದ್ದು ಕೆಂಪು ನೆಲ ಮತ್ತು ಮುರಿದ ಗಾಲಿ. ಇಂಗ್ಲಿಷಿನ ಹಾಡು ನನಗೆ ತಿಳಿಯುತ್ತಿರಲಿಲ್ಲ. ಡ್ರಮ್ಮು ತಿಳಿಯುತ್ತಿತ್ತು. ಬಾರಿಸುವವನು ಯಾವ ದೇಶದವನೋ, ಯಾರ ಮಗನೋ, ಅವನ ಕೈ ಏನು ಹೇಳುತ್ತಿದೆ ಎಂಬುದು ನನಗೆ ಪೂರ್ತಿ ತಿಳಿಯುತ್ತಿತ್ತು.

ಎರಡನೆಯ ಬದಿಯ ಕೊನೆಯ ಹಾಡಿನಲ್ಲಿ ಒಂದು ಜಾಗವಿದೆ. ಉಳಿದ ವಾದ್ಯಗಳೆಲ್ಲ ನಿಂತು ಡ್ರಮ್ಮಿನವನು ಒಬ್ಬನೇ ಉಳಿಯುತ್ತಾನೆ. ಪೆಟ್ಟುಗಳ ಒಂದೇ ಗೊಂಚಲನ್ನು ಮೂರು ಸಲ ಬಾರಿಸುತ್ತಾನೆ. ನಮ್ಮಲ್ಲೂ ಇದು ಉಂಟು, ತಿಹಾಯಿ ಎನ್ನುತ್ತೇವೆ. ಮೂರನೆಯ ಸಲದ ಕೊನೆಯ ಪೆಟ್ಟು 'ಧಾ' ತಾಳದ ಮೊದಲ ಮಾತ್ರೆಯ ಮೇಲೆ ಬಂದು ಬಿದ್ದರೆ ಕೇಳುವವರ ತಲೆ ತಾನೇ ಅಲ್ಲಾಡುತ್ತದೆ. ಆದರೆ ಇವನು ಆ ಕೊನೆಯ ಪೆಟ್ಟನ್ನು ಹೊಡೆಯುವುದೇ ಇಲ್ಲ. ಆ ಜಾಗ ಖಾಲಿ. ಪೆಟ್ಟು ಕೇಳುವವನ ಎದೆಯೊಳಗೆ ಬೀಳುತ್ತದೆ. ನಾನು ಅದನ್ನು ಹಿಂದೆ ಮುಂದೆ ತಿರುಗಿಸಿ ತಿರುಗಿಸಿ ಕೇಳಿದೆ. ಧಾ, ತಿಟ ಎಂಬ ತಬಲಾದ ಬೋಲುಗಳಿಗೆ ಹೊಂದಿಸಿದೆ.

ಒಂದು ಸೋಮವಾರ ಮಠದ ಭಜನೆಯಲ್ಲಿ ಮಾಸ್ತರರು ಹಿರಿಯರ ಸಾಲಿನಲ್ಲಿ ಕುಳಿತು ನನ್ನನ್ನು ತಬಲಾಕ್ಕೆ ಕೂರಿಸಿದರು. ಹಾಡು ಮುಗಿಯುವಲ್ಲಿ ನಾನು ಅದನ್ನು ಬಾರಿಸಿದೆ, ಕೊನೆಯ ಧಾ ಬಿಟ್ಟು ಕೈ ಎತ್ತಿ ಹಿಡಿದೆ. ತಾಳ ಹಾಕುತ್ತಿದ್ದವರಿಗೆ ದಿಕ್ಕು ತಪ್ಪಿತು, ಹಾಡುತ್ತಿದ್ದವರು ಬಾಯಿ ತೆರೆದು ಹಾಗೇ ನಿಂತರು, ಯಾರೋ ನಕ್ಕರು.

"ಧಾ ಎಲ್ಲಿ ಹೋತಲೇ?" ಎಂದರು ಮಾಸ್ತರರು, ಎಲ್ಲರಿಗೂ ಕೇಳುವಂತೆ.

"ಬೇಕಂತ ಬಿಟ್ಟೇನ್ರಿ."

"ಯಾರ ಕಲಿಸಿದ್ರು?"

"ಕ್ಯಾಸೆಟ್‌ನ್ಯಾಗ ಐತ್ರಿ."

"ನಾಳೆ ತಗೊಂಡ ಬಾ ಅದನ್ನ."

ಮರುದಿನ ಟೇಪ್‌ರೆಕಾರ್ಡರು ಸಮೇತ ಹೋದೆ. ಅವರು ಮೆಚ್ಚುತ್ತಾರೆ ಎಂದೇ ನನಗೆ ಅನ್ನಿಸಿತ್ತು. ಶಿಷ್ಯರೆಲ್ಲ ಕುಳಿತಿದ್ದರು. ಮಾಸ್ತರರು ಕಣ್ಣು ಮುಚ್ಚಿ ಆ ಹಾಡು ಪೂರ್ತಿ ಕೇಳಿದರು. "ಇನ್ನೊಮ್ಮೆ ಹಚ್ಚು," ಎಂದರು. ಹಚ್ಚಿದೆ. ಮತ್ತೂ ಒಮ್ಮೆ ಹಚ್ಚಿಸಿದರು. ಆಮೇಲೆ ನನ್ನ ಕೈ ಎಳೆದುಕೊಂಡು, ಮಡಿಲಲ್ಲಿದ್ದ ಅಡಕೊತ್ತಿನ ಬಾಯಿಯಲ್ಲಿ ಗಂಡಾ ಇಟ್ಟು ಕತ್ತರಿಸಿದರು. ಅಡಿಕೆ ಸೀಳಿದ ಹಾಗೆ, ಅದೇ ಸಪ್ಪಳ.

"ಇನ್ನ ನಿನ್ನ ಗುರು ಅವನ. ಅವನ ಕಡೇನ ಹೋಗು."

ನಾನು ಕ್ಯಾಸೆಟ್ಟಿಗೆ ಕೈ ಚಾಚಿದೆ. ಅವರು ಅದನ್ನು ತೆಗೆದು ಗೋಡೆಯ ಕಪಾಟಿನಲ್ಲಿಟ್ಟು ಕದ ಹಾಕಿದರು. "ಇದು ಇಲ್ಲೇ ಇರ್ಲಿ. ಇನ್ನೊಬ್ಬರು ಕೆಡೂದು ಬ್ಯಾಡ."

ಗಂಡಾ ಕತ್ತರಿಸಿಕೊಂಡವನನ್ನು ಈ ಸೀಮೆಯ ಇನ್ನೊಬ್ಬ ಮಾಸ್ತರ ಮುಟ್ಟುವುದಿಲ್ಲ. ಹಾವೇರಿಗೂ ಹೋದೆ, ಹಾನಗಲ್ಲಿಗೂ ಹೋದೆ. "ಅವರನ್ನ ಕೇಳಿ ಹೇಳ್ತೇನಿ ತಮ್ಮಾ," ಎಂದವರು ಮತ್ತೆ ಏನೂ ಹೇಳಲಿಲ್ಲ. ಧಾರವಾಡದ ಮಾತು ಅಲ್ಲಿಗೇ ನಿಂತಿತು. ಅಪ್ಪ ಕಟ್ಟೆಯ ಮೇಲೆ ಕೂರುವುದನ್ನು ಬಿಟ್ಟ. ತಬಲಾ ಜೋಡಿಯನ್ನು ಚೀಲದಲ್ಲಿ ಕಟ್ಟಿ ಅಟ್ಟದ ಮೇಲಿಟ್ಟೆ. ಇಲಿಗಳು ಅದರ ತೊಗಲು ತಿಂದವು. ನಾನು ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರನಾದೆ.

ಅದಾಗಿ ಕೆಲವು ವರ್ಷಗಳಿಗೆ ನನ್ನ ಬಸ್ಸು ಒಂದು ಸಂಜೆ ಶಿಗ್ಗಾವಿಯಲ್ಲಿ ನಿಂತಿತ್ತು. ನಿಲ್ದಾಣದ ಹತ್ತಿರದ ಸಭಾಭವನದಲ್ಲಿ ಮಾಸ್ತರರ ಏಕವಾದನ ನಡೆದಿತ್ತು. ಹೆಗಲ ಮೇಲಿನ ಚೀಲ ಹಾಗೇ ಇಟ್ಟುಕೊಂಡು ಬಾಗಿಲಲ್ಲಿ ನಿಂತೆ. ಅವರು ಮುಗಿಸುವ ಹೊತ್ತಿಗೆ ಒಂದು ತಿಹಾಯಿ ಎತ್ತಿದರು. ಮೊದಲ ಸುತ್ತಿಗೇ ನನ್ನ ಬೆನ್ನು ನೆಟ್ಟಗಾಯಿತು. ಎರಡನೆಯದು ಬಂತು. ಮೂರನೆಯದರ ಕೊನೆಗೆ ಕೈ ಎತ್ತಿ, ಗಾಳಿಯಲ್ಲಿ ಹಿಡಿದರು. ಧಾ ಬೀಳಲಿಲ್ಲ. ಇಡೀ ಸಭೆ ಉಸಿರು ಹಿಡಿಯಿತು, ಆಮೇಲೆ ವಾಹ್ ಎಂದು ಎದ್ದು ನಿಂತಿತು.

ಬಾಗಿಲ ಬಳಿ ಹಿರಿಯ ಶಿಷ್ಯನಿದ್ದ. ನನ್ನ ಗಂಡಾ ಕತ್ತರಿಸಿದ ದಿನ ಪಡಸಾಲೆಯಲ್ಲಿ ಮುಂದಿನ ಸಾಲಿನಲ್ಲಿ ಕುಳಿತಿದ್ದವನು. "ಕೇಳಿದ್ಯೋ? ಮಾಸ್ತರ್ ಹೊಸಾದು ಕಟ್ಯಾರ," ಎಂದ.

"ಅದು ನನ್ನ ಕ್ಯಾಸೆಟ್ಟಿಂದಪಾ. ನೀನೂ ಕೇಳೀಯಲ್ಲ ಅವತ್ತ."

ಅವನು ನನ್ನ ಚೀಲ ನೋಡಿ ನಕ್ಕ. "ಹೋಗಪಾ, ಬಸ್ ಬಿಟ್ಟೀತು."

ಅದಕ್ಕೆ ಮೂಕ ತಿಹಾಯಿ ಎಂಬ ಹೆಸರು ಬಂತು. ಪತ್ರಿಕೆಯಲ್ಲಿ ಬಂತು, ರೇಡಿಯೋದಲ್ಲಿ ಬಂತು. ಸನ್ಮಾನಗಳಾದವು, ಶಾಲುಗಳು ಬಿದ್ದವು. ನಾನು ಹೇಳಿದರೆ ಯಾರು ನಂಬಬೇಕು? ಕ್ಯಾಸೆಟ್ಟು ಅವರ ಕಪಾಟಿನಲ್ಲಿ. ಅದರ ಹೆಸರು ನನಗೇ ಗೊತ್ತಿಲ್ಲ. ಗೋವಾಕ್ಕೆ ಹೋದಾಗ ಅಂಗಡಿಗಳಲ್ಲಿ ಕೆಂಪು ಬಣ್ಣ, ಗಾಲಿಯ ಚಿತ್ರ ಎಂದು ಕೇಳಿದರೆ ಅವರು ನನ್ನನ್ನು ಸೈಕಲ್ ಅಂಗಡಿಗೆ ಕಳಿಸುತ್ತಿದ್ದರು.

ಸೇಡು ಒಮ್ಮೆ ನನ್ನ ಕೈಗೆ ಬಂದಿತ್ತು. ಆಗ ನಾನು ಹಾನಗಲ್ಲಿನ ನಿಲ್ದಾಣದಲ್ಲಿ ಕಂಟ್ರೋಲರ್. ಮಾಸ್ತರರಿಗೆ ವಯಸ್ಸಾಗಿತ್ತು. ಸವಣೂರಿನ ಬಸ್ಸು ನಿಂತಿತ್ತು, ಅವರು ಸೀಟಿನ ಮೇಲೆ ವಸ್ತ್ರ ಹಾಕಿ ಎಲೆ ಕೊಳ್ಳಲು ಇಳಿದರು. ವೇಳೆಯಾಯಿತು. ಬೇರೆ ಯಾರಾಗಿದ್ದರೂ ಸ್ವಲ್ಪ ತಡೆಯುತ್ತಿದ್ದೆ. ಸೀಟಿ ಊದಿಸಿದೆ. ಬಸ್ಸು ಹೋಯಿತು, ಅವರು ಕೈ ಎತ್ತಿ ಎರಡು ಹೆಜ್ಜೆ ಓಡಿ ನಿಂತರು. ಆಮೇಲೆ ನಿಧಾನಕ್ಕೆ ನನ್ನ ಕಿಟಕಿಗೆ ಬಂದರು.

"ಮುಂದಿಂದು ಯಾವಾಗೈತ್ರಿ ಕಂಟ್ರೋಲರ್ ಸಾಹೇಬ್ರ?"

"ಬೋರ್ಡ್ ನೋಡ್ರಿ."

"ಕಣ್ಣ ಹೋಗ್ಯಾವರಿ. ಕೈ ಅಷ್ಟ ಉಳದೈತಿ."

ನನ್ನ ಗುರುತು ಸಿಕ್ಕಿತೋ ಇಲ್ಲವೋ... ನನಗೆ ಇಂದಿಗೂ ಗೊತ್ತಿಲ್ಲ. ವೇಳೆ ಹೇಳಿದೆ. ಅವರು ಬೆಂಚಿನ ಮೇಲೆ ಕುಳಿತು ಎಲೆಯ ನರ ಎಳೆಯುತ್ತಿದ್ದರು, ಮೊದಲಿನ ಹಾಗೆಯೇ. ಬಸ್ಸು ತಪ್ಪಿಸಿದ್ದು ನನಗೆ ಸಾಲಲಿಲ್ಲ. ಅದಾದ ಮೇಲೆ ಅವರನ್ನು ನಾನು ನೋಡಲಿಲ್ಲ. ಅವರು ತೀರಿಕೊಂಡ ಸುದ್ದಿ ನಿಲ್ದಾಣದಲ್ಲೇ ಬಂತು. ಮಣ್ಣಿಗೆ ಹೋಗುವವರೆಲ್ಲ ನನ್ನ ಕಣ್ಣ ಮುಂದೆಯೇ ಬಸ್ಸು ಹತ್ತಿದರು. ನಾನು ರಜೆ ಕೇಳಲಿಲ್ಲ.

ಈಗ, ಇಷ್ಟು ವರ್ಷಗಳ ಮೇಲೆ, ನನ್ನ ಕೈಯಲ್ಲಿ ಪುರಾವೆ ಬಂದಿತ್ತು. ಸಿ.ಡಿ.ಯ ಮೇಲೆ ತಂಡದ ಹೆಸರಿತ್ತು. ಹಾಡುಗಳು ಮುದ್ರಣವಾದ ವರ್ಷವಿತ್ತು, ಶಿಗ್ಗಾವಿಯ ಆ ಸಂಜೆಗಿಂತ ಎಷ್ಟೋ ಹಿಂದಿನದು. ಮಾಸ್ತರರ ಪುಣ್ಯತಿಥಿಯನ್ನು ಪ್ರತಿವರ್ಷ ಅದೇ ಶಿಗ್ಗಾವಿಯ ಭವನದಲ್ಲಿ ಆಚರಿಸುತ್ತಾರೆ. ಅದರ ಮುಂದಾಳು ಆ ಹಿರಿಯ ಶಿಷ್ಯನೇ. "ನೀವೂ ಹಳೇ ಶಿಷ್ಯರು, ಬಂದು ನಾಕ ಮಾತ ಆಡ್ರಿ," ಎಂದು ಪ್ರತಿವರ್ಷ ಫೋನು ಮಾಡುತ್ತಾನೆ, ವಯಸ್ಸಾದ ಮೇಲೆ ಅವನೂ ನನಗೆ ಬಹುವಚನ ಹಚ್ಚಿದ್ದಾನೆ. ಪ್ರತಿವರ್ಷ ಆಗುವುದಿಲ್ಲ ಎನ್ನುತ್ತಿದ್ದೆ. ಈ ಸಲ ಬರುತ್ತೇನೆ ಎಂದೆ.

"ಸತ್ತವರ ಮ್ಯಾಲೆ ಎಂಥಾ ಸೇಡ್ರಿ?" ಎಂದಳು ನನ್ನ ಹೆಂಡತಿ. ಅವಳಿಗೆ ಈ ಕಥೆ ಬಾಯಿಪಾಠ.

"ಅವರ ಹೆಸರಿನ್ನೂ ಜೀವಂತ ಐತಲ್ಲ."

"ಅದನ್ನ ಸಾಯಿಸಾಕ ಇಸ್ತ್ರಿ ಅಂಗಿ ಬೇಕಾಗೈತೇನು?" ಎನ್ನುತ್ತಲೇ ಇಸ್ತ್ರಿ ಮಾಡಿಕೊಟ್ಟಳು.

ಕಾರ್ಯಕ್ರಮಕ್ಕೆ ಬಹಳ ಮುಂಚೆ ಹೋಗಿ ಧ್ವನಿವರ್ಧಕದವನಿಗೆ ಸಿ.ಡಿ. ಕೊಟ್ಟು, ಯಾವ ಹಾಡು, ಎಲ್ಲಿಂದ ಹಚ್ಚಬೇಕು ಎಂದು ತೋರಿಸಿ, ಒಮ್ಮೆ ಹಚ್ಚಿಸಿ ನೋಡಿದೆ. ವೇದಿಕೆಯ ಮೇಲೆ ಮಾಸ್ತರರ ಫೋಟೋ, ಅದಕ್ಕೆ ಮಲ್ಲಿಗೆ ಹಾರ. ದೀಪ ಹಚ್ಚಿದ ಮೇಲೆ ಅವರ ಹಳೆಯ ರೇಡಿಯೋ ಮುದ್ರಣ ಕೇಳಿಸಿದರು. ಮೂಕ ತಿಹಾಯಿ ಬಂತು. ಸಭೆ ಕಣ್ಣು ಮುಚ್ಚಿ ಕೇಳಿತು. ನಾನೂ ಕೇಳಿದೆ. ನಂತರ ನನ್ನನ್ನು ಕರೆದರು.

ನಾನು ಸುತ್ತಿಬಳಸಿ ಮಾತಾಡುವವನಲ್ಲ. ಗೋವಾದ ಬಿಳಿಯ, ಗಂಡಾ, ಅಡಕೊತ್ತು, ಕಪಾಟು, ಸಂತೆ, ಎಲ್ಲವನ್ನೂ ಹೇಳಿದೆ. "ನೀವು ಈಗ ಕೇಳಿದ್ದು ಮಾಸ್ತರರು ಕಟ್ಟಿದ್ದಲ್ಲ. ನನ್ನನ್ನ ಹೊರಗ ಹಾಕಿ, ನನ್ನ ಕ್ಯಾಸೆಟ್ಟಿನಿಂದ ತಗೊಂಡಿದ್ದು. ಸುಳ್ಳಾದ್ರ ನೀವ ಕೇಳ್ರಿ," ಎಂದು ಕೈ ಮಾಡಿದೆ. ಗಿಟಾರು ಮೊಳಗಿತು. ಮುಂದಿನ ಸಾಲಿನ ಹಿರಿಯರು ಬೆಚ್ಚಿದರು. ವಾದ್ಯಗಳು ನಿಂತವು, ಡ್ರಮ್ಮು ಒಂಟಿಯಾಯಿತು. ಒಂದು ಸುತ್ತು, ಎರಡು, ಮೂರು. ಖಾಲಿ ಜಾಗ ಬಂದಾಗ ಇಡೀ ಸಭೆಯ ಕೈ ತೊಡೆಯ ಮೇಲೆ ಒಟ್ಟಿಗೆ ಬಿತ್ತು.

ನಾನು ಫೋಟೋದ ಕಡೆ ತಿರುಗಿ ನಿಂತೆ. ಆ ಒಂದು ಕ್ಷಣ ಸೇಡು ತೀರಿತ್ತು.

ಆಮೇಲೆ ಹಿಂದಿನ ಸಾಲಿನಿಂದ ಯಾರೋ ಕೂಗಿದರು. "ಏ, ನಮ್ಮ ಮಾಸ್ತರ್ ಪರದೇಶದತನಕ ಹೋಗ್ಯಾರಲ್ಲೋ!"

ಚಪ್ಪಾಳೆ ಶುರುವಾಯಿತು. ನಾನು ಮೈಕಿಗೆ ಬಾಯಿ ಹಚ್ಚಿ, ಇದು ಮಾಸ್ತರರು ಬಾರಿಸುವ ಮೊದಲಿನದು, ಇದರ ಮೇಲೆ ವರ್ಷ ಬರೆದಿದೆ ಎಂದೆ. ಮುಂದಿನ ಸಾಲಿನ ರುಮಾಲಿನ ಯಜಮಾನರೊಬ್ಬರು ಎದ್ದು ನಿಂತು ಕೇಳಿದರು, "ಮಾಸ್ತರ್ ಹುಟ್ಟಿದ್ದು ಅದಕಿಂತ ಮೊದಲ ಅಲ್ಲೇನ್ರಿ?"

"ಹೌದ್ರಿ, ಆದ್ರ..."

"ಮತ್ತ? ನೀವ ಹೇಳಿದ್ರಿ, ಗೋವಾದಾಗ ಬಿಳೇ ಮಂದಿ ಬರ್ತಿದ್ರು ಅಂತ. ಅವರು ಸುಮ್ಮ ಬರ್ತಾರೇನ್ರಿ? ಎಲ್ಲೋ ಕೇಳಿ ಹೋಗ್ಯಾರ. ನಿಮ್ಮನ್ನ ಯಾಕ ಹೊರಗ ಹಾಕಿದ್ರು ಅಂತ ಈಗ ತಿಳೀತಿಲ್ರಿ? ತಮ್ಮದನ್ನ ಹೊರಗಿನವರು ಕದ್ದದ್ದು ನೋಡಿ ಅವರಿಗೆ ಹೊಟ್ಟಿ ಉರದೈತಿ. ಪಾಪ, ಆ ಸಿಟ್ಟು ನಿಮ್ಮ ಮ್ಯಾಲೆ ಹೋಗೈತಿ."

ಸಭೆ ಹೌದು ಹೌದು ಎಂದಿತು. ನನ್ನ ಹತ್ತಿರ ಎಲ್ಲದಕ್ಕೂ ಉತ್ತರವಿತ್ತು, ಅವರಿಗೆ ಉತ್ತರ ಬೇಕಾಗಿರಲಿಲ್ಲ. ಹಿರಿಯ ಶಿಷ್ಯ ಮೈಕು ತೆಗೆದುಕೊಂಡು, ಇಂಥ ಪುರಾವೆಯನ್ನು ಸಂತೆಯಿಂದ ಹುಡುಕಿ ತಂದ ಗುರುಬಂಧುವಿಗೆ ಸವಣೂರು, ಶಿಗ್ಗಾವಿ, ಹಾನಗಲ್ಲ, ಹಿರೇಕೆರೂರಿನ ಸಮಸ್ತ ಶಿಷ್ಯಬಳಗ ಋಣಿ ಎಂದ. ನನಗೆ ಶಾಲು ಹೊದಿಸಿದರು. ಶಾಲು ಹೊದಿಸುವಾಗ ಅವನ ಮುಖ ನನ್ನ ಮುಖಕ್ಕೆ ಹತ್ತಿರ ಬಂತು. ಅವತ್ತಿನ ಪಡಸಾಲೆ ಇವನಿಗೂ ಗೊತ್ತು ಎಂದು ಕಣ್ಣಲ್ಲಿ ಕಣ್ಣಿಟ್ಟು ನೋಡಿದೆ. ಏನೂ ಇರಲಿಲ್ಲ. ಅವನು ನಿಜವಾಗಿಯೂ ಮರೆತಿದ್ದ. ಮರೆತವನ ಮೇಲೆ ಏನು ಸೇಡು ತೀರಿಸಿಕೊಳ್ಳುವುದು?

ಬಸ್ಸಿನಲ್ಲಿ ಬರುವಾಗ ಶಾಲನ್ನು ಮಡಚಿ ಕಾಲ ಬಳಿ ಇಟ್ಟುಕೊಂಡಿದ್ದೆ. ಆ ಭವನದಲ್ಲಿ ನಾನು ಏನು ಮಾಡಿದೆ ಎಂಬುದು ಒಬ್ಬರಿಗೂ ತಿಳಿಯಲಿಲ್ಲ. ತಿಳಿಯಬಹುದಾಗಿದ್ದವರು ಮಾಸ್ತರರು ಒಬ್ಬರೇ. ಬದುಕಿದ್ದು ಕೇಳಿದ್ದರೆ ಮೊದಲ ಸುತ್ತಿಗೇ ಅವರ ಕೈ ಮಡಚುತ್ತಿದ್ದ ಎಲೆಯ ಮೇಲೆ ನಿಂತುಬಿಡುತ್ತಿತ್ತು. ಇಷ್ಟು ವರ್ಷ ನಾನು ಆ ನಿಂತ ಕೈಯನ್ನು ನೋಡಲು ಕಾದಿದ್ದೆ. ಅದನ್ನು ಅವರು ತಮ್ಮ ಜೊತೆಗೆ ಮಣ್ಣಿಗೆ ಒಯ್ದಿದ್ದಾರೆ.

ಮನೆಗೆ ಬಂದಾಗ, ಕ್ಷಮಿಸಿದಿರಾ ಎಂದು ಹೆಂಡತಿ ಕೇಳಿದಳು. ಇಲ್ಲ ಎಂದೆ. "ಹಂಗಾರ ಕೈ ತೊಳಕೊಂಡ ಊಟಕ್ಕ ಬರ್ರಿ," ಎಂದಳು.

ಈಗ ದಿನವೂ ನಾಷ್ಟಾದ ನಂತರ ಆ ಆಲ್ಬಮ್ಮನ್ನು ಮೊದಲಿನಿಂದ ಕೊನೆಯವರೆಗೆ ಕೇಳುತ್ತೇನೆ. ಒಳ್ಳೆಯ ಸಂಗೀತ, ನನ್ನ ಹರೆಯ ಸುಳ್ಳು ಹೇಳಿರಲಿಲ್ಲ. ಆದರೆ ಆ ಭವನದಲ್ಲಿ, ಒಂದೇ ಧ್ವನಿವರ್ಧಕದಲ್ಲಿ, ಮೊದಲು ಮಾಸ್ತರರದ್ದು, ನಂತರ ಈ ಡ್ರಮ್ಮಿನವನದ್ದು ಕೇಳಿದೆನಲ್ಲ, ಅಂದಿನಿಂದ ಒಂದು ಮಾತು ಒಳಗೆ ಕುಳಿತಿದೆ. ಡ್ರಮ್ಮಿನವನು ಆ ಖಾಲಿ ಜಾಗಕ್ಕೆ ಅವಸರದಿಂದ ಬರುತ್ತಾನೆ, ಅವಸರದಿಂದ ದಾಟುತ್ತಾನೆ. ಮಾಸ್ತರರು ಅಲ್ಲಿ ಕೈ ಎತ್ತಿ ಇಡೀ ಸಭೆಯನ್ನು ಹಿಡಿದು ನಿಲ್ಲಿಸುತ್ತಿದ್ದರು. ಅವರು ಬಾರಿಸಿದ್ದು ಇವನಿಗಿಂತ ಚೆನ್ನಾಗಿತ್ತು. ನಾನು ಬಾರಿಸಿದ್ದಕ್ಕಿಂತಲೂ. ಇದನ್ನು ಸಭೆಯಲ್ಲಿ ಹೇಳಲಿಲ್ಲ, ಹಿರಿಯ ಶಿಷ್ಯನಿಗೆ ಹೇಳುವುದೂ ಇಲ್ಲ. ಅವರು ಇದ್ದಿದ್ದರೆ ಸವಣೂರಿಗೆ ಹೋಗಿ ಅವರ ಎದುರಿಗೇ ಕುಳಿತು ಹೇಳುತ್ತಿದ್ದೆ. ಹೇಳಿ, ಅದೇ ಉಸಿರಿನಲ್ಲಿ, ಕಳ್ಳ ಎಂದೂ ಅನ್ನುತ್ತಿದ್ದೆ.